ಸೊಳ್ಳೆಯ ತವರುಮನೆ

ಸೊಳ್ಳೆ ಕಚ್ಚಿದರೆ ಹೇಗೋ ತಡೆದುಕೊಂಡೇನು. ಕಚ್ಚುವ ಮುಂಚೆ ಕಿವಿಯ ಹತ್ತಿರ ಬಂದು ಶ್ರುತಿ ಹಿಡಿಯುತ್ತದಲ್ಲ, ಅದು ಮಾತ್ರ ನನ್ನಿಂದಾಗದು. ಆ ಗುಂಯ್ ನಿಂತರೆ ಇನ್ನೂ ಭಯ. ನಿಂತಿತೆಂದರೆ ಎಲ್ಲೋ ಕೂತಿತು ಎಂದೇ ಅರ್ಥ. ಕತ್ತಲಲ್ಲಿ ಅಂದಾಜಿನ ಮೇಲೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುತ್ತೇನೆ. ಗಣಿತದ ಮೇಷ್ಟ್ರು ಕೊಟ್ಟದ್ದಕ್ಕಿಂತ ನಾನೇ ಕೊಟ್ಟುಕೊಂಡ ಏಟುಗಳು ಹೆಚ್ಚಾಗಿವೆ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡು ಹೂವಿನ ರಸ ಹೀರಿಕೊಂಡು ಸಾಧುವಾಗಿರುತ್ತದೆ. ಇದನ್ನು ಪೇಪರಿನಲ್ಲಿ ಓದಿ, ಸ್ವಲ್ಪ ಹೆಮ್ಮೆಯಿಂದಲೇ ಹೆಂಡತಿಗೆ ಹೇಳಿದೆ.

"ಮೊಟ್ಟೆ ಇಡೋಕೆ ರಕ್ತ ಬೇಕಲ್ಲ, ಬಸುರಿ ಬಯಕೆ ಅದು. ನನ್ನ ಬಯಕೆಗೆ ನೀವು ಒಂದು ಮಾವಿನಕಾಯಿ ತಂದುಕೊಡಲಿಲ್ಲ" ಎಂದಳು. ಮಾತು ಸೊಳ್ಳೆಯನ್ನು ಬಿಟ್ಟು ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು.

ಬಯಕೆಗೆ ಒಂದು ತೊಟ್ಟು ರಕ್ತ ಕೊಡಲು ನನ್ನ ತಕರಾರಿಲ್ಲ. ಆದರೆ ಇವಳು ಉಂಡ ಮನೆಗೆ ಎರಡು ಬಗೆಯುವವಳು. ಅನಾಫಿಲಿಸ್ ಆದರೆ ಮಲೇರಿಯಾ, ಕ್ಯುಲೆಕ್ಸ್ ಆದರೆ ಆನೆಕಾಲು, ಈಡಿಸ್ ಆದರೆ ಡೆಂಗಿ, ಚಿಕೂನ್‌ಗುನ್ಯ. ಈಡಿಸ್ ಹಗಲಲ್ಲೇ ಕಚ್ಚುವುದರಿಂದ ರಾತ್ರಿ ಪರದೆ ಕಟ್ಟಿ ಗೆದ್ದೆ ಎನ್ನುವ ಹಾಗೂ ಇಲ್ಲ. ಕಳೆದ ಮಳೆಗಾಲ ನಾನು ಡೆಂಗಿಯಲ್ಲಿ ಮಲಗಿದ್ದಾಗ ನೆಂಟರು ಪ್ಲೇಟ್‌ಲೆಟ್ ಎಷ್ಟೆಂದು ಕ್ರಿಕೆಟ್ ಸ್ಕೋರಿನಂತೆ ವಿಚಾರಿಸುತ್ತಿದ್ದರು. ಒಬ್ಬರಂತೂ ಪಪ್ಪಾಯಿ ಎಲೆಯ ರಸ ಕುಡಿಸಿ, ಇದಕ್ಕಿಂತ ಜ್ವರವೇ ವಾಸಿ ಅನ್ನಿಸಿದರು.

ಎದ್ದು ಕೂರುವಂತಾದ ಕೂಡಲೇ ಬೀದಿಯ ಚರಂಡಿಯ ಮೇಲೆ ಎರಡು ಪುಟ ದೂರು ಬರೆದೆ. ಟಾರ್ಚ್ ಹಿಡಿದು ಬಂದ ಆಶಾ ಕಾರ್ಯಕರ್ತೆ ಚರಂಡಿಯತ್ತ ತಿರುಗಿಯೂ ನೋಡದೆ ಸೀದಾ ಅಡುಗೆಮನೆಗೆ ನಡೆದರು. "ಡೆಂಗಿ ಸೊಳ್ಳೆಗೆ ಚರಂಡಿ ಬೇಡ ಸಾರ್, ತಿಳಿನೀರೇ ಬೇಕು" ಎನ್ನುತ್ತಾ ಫ್ರಿಜ್ಜಿನ ಹಿಂದಿನ ಟ್ರೇ ಎಳೆದರು. ಅಂಥದ್ದೊಂದು ಟ್ರೇ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅದರ ತುಂಬ ಮರಿಗಳು, ಶೀರ್ಷಾಸನ ಹಾಕಿಕೊಂಡು.

ಮಾನ ಉಳಿಸಿಕೊಳ್ಳಲು ರೊನಾಲ್ಡ್ ರಾಸ್ ಕಥೆ ತೆಗೆದೆ. 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ಡಾಕ್ಟರಾಗಿದ್ದ ಆತನ ಬಂಗಲೆಯಲ್ಲೂ ಸೊಳ್ಳೆ ಕಾಟ. ಕಾರಣ ಕಿಟಕಿಯಾಚೆಯ ನೀರಿನ ತೊಟ್ಟಿ. ಅದನ್ನು ಬರಿದು ಮಾಡಿದ ಮೇಲೆ ಕಾಟ ತಗ್ಗಿತು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಡೆದ.

"ಅವರು ತೊಟ್ಟಿ ಚೆಲ್ಲಿದರು ಸಾರ್. ನೀವೂ ಇದನ್ನ ಚೆಲ್ಲಿ" ಎಂದು ಟ್ರೇ ನನ್ನ ಕೈಗಿತ್ತರು.

ಹೆಂಡತಿ ಬಗ್ಗಿ ನೋಡಿದಳು. "ನನ್ನ ಮಾವಿನಕಾಯಿಗೆ ಗತಿಯಿರಲಿಲ್ಲ, ಇವಳಿಗೆ ನೋಡಿ, ಫ್ರಿಜ್ಜಿನ ಹಿಂದೆ ಬೆಚ್ಚಗೆ ಬಾಣಂತನ!"