ನೀರು ಬೆರೆತ ಬಟನ್ನು

ಮೊಬೈಲ್ ಆ್ಯಪ್‌ನ ಪರದೆ ಒಂದೇ ತುಂಡಿನ ಚಿತ್ರವಲ್ಲ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಮತ್ತೊಂದು ಡಬ್ಬಿ. ಕಸುಬಿನವರ ಬಾಯಲ್ಲಿ ಈ ಡಬ್ಬಿಗೆ ‘ವ್ಯೂ’ ಎಂದು ಹೆಸರು. ಹೊರಗಿನದು ಪೇರೆಂಟ್, ಒಳಗಿನದು ಚೈಲ್ಡ್. ಪ್ರತಿ ವ್ಯೂಗೂ ‘ಆಲ್ಫಾ’ ಎಂಬ ಗುಣವೊಂದುಂಟು: 1 ಎಂದರೆ ಪೂರ್ತಿ ಗಟ್ಟಿ, 0 ಎಂದರೆ ಇದ್ದೂ ಇಲ್ಲದಂತೆ. ಕೆಂಪು, ಹಸಿರು, ನೀಲಿ ಸಾಲಾಗಿ ಕೂತಿದ್ದ ಪಂಕ್ತಿಯಲ್ಲಿ ಇದಕ್ಕೆ ನಾಲ್ಕನೆಯ ಮಣೆ ಹಾಕಿದವರು ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್. 1970ರ ದಶಕದ ಕೊನೆಯಲ್ಲಿ, ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ.

ಆಲ್ಫಾದ್ದು ಗುಣಾಕಾರದ ಲೆಕ್ಕ. ಹಾಲಿನವನು ಅರ್ಧ ನೀರು ಬೆರೆಸಿ ತಂದದ್ದಕ್ಕೆ ಹೋಟೆಲಿನವನೂ ಸಮಸಮ ನೀರು ಸುರಿದರೆ ಲೋಟಕ್ಕೆ ಬರುವುದು ಕಾಲು ಪಾಲು ಹಾಲು. ಪೇರೆಂಟ್ 0.5, ಚೈಲ್ಡ್ 0.5 ಇದ್ದರೆ ಚೈಲ್ಡ್ ಕಾಣುವುದೂ 0.25ರಷ್ಟೇ. ಹೋಟೆಲಿನವನು ಸತ್ಯಹರಿಶ್ಚಂದ್ರನಾಗಿ ಒಂದು ಹನಿಯನ್ನೂ ಬೆರೆಸದಿದ್ದರೆ? ಬಂದ ಹಾಲೇನೂ ಗಟ್ಟಿಯಾಗದು. ಚೈಲ್ಡ್‌ಗೆ 1 ಕೊಟ್ಟರೂ ಅದು 0.5ರಲ್ಲೇ ನಿಲ್ಲುತ್ತದೆ.

ಹೊಸ ಪ್ರೋಗ್ರಾಮರ್ ಎಡವುವುದು ಇಲ್ಲೇ. ‘ಖಾತೆ ಅಳಿಸಲೇ?’ ಎಂದು ಕೇಳುವ ಕಪ್ಪು ಪೆಟ್ಟಿಗೆಯ ಹಿಂದಿನದು ಒಂದಿಷ್ಟು ಕಾಣಲಿ ಎಂದು ಅವನು ಪೆಟ್ಟಿಗೆಯ ಆಲ್ಫಾ ಇಳಿಸುತ್ತಾನೆ. ಪೆಟ್ಟಿಗೆಯ ಜೊತೆಗೇ ಅಕ್ಷರಗಳೂ ‘ಹೌದು’, ‘ಬೇಡ’ ಬಟನ್‌ಗಳೂ ಏಕಾದಶಿ ಮಾಡಿದವರಂತೆ ಬಿಳುಚಿಕೊಳ್ಳುತ್ತವೆ. ಬಟನ್‌ಗೆ 1 ಕೊಟ್ಟರೆ ಅದು ಜಪ್ಪಯ್ಯ ಎನ್ನುವುದಿಲ್ಲ. ಹಟಕ್ಕೆ ಬಿದ್ದು 2 ಎಂದು ಬರೆದರೆ ಐಫೋನ್ ಅದನ್ನು 1 ಎಂದೇ ಓದಿಕೊಳ್ಳುತ್ತದೆ.

ಮದ್ದು ಎರಡು. ಮೊದಲನೆಯದು, ಪೆಟ್ಟಿಗೆಯ ಆಲ್ಫಾವನ್ನು 1ರಲ್ಲೇ ಬಿಟ್ಟು ಅದರ ಹಿನ್ನೆಲೆಯ ಬಣ್ಣವನ್ನಷ್ಟೇ ತೆಳುವಾಗಿಸುವುದು. ಆಂಡ್ರಾಯ್ಡ್‌ನಲ್ಲಿ ಅರೆಪಾರದರ್ಶಕ ಕಪ್ಪನ್ನು #80000000 ಎಂದು ಬರೆಯುತ್ತಾರೆ. ಮೊದಲ 80 ಕಂಡು ಶೇಕಡಾ ಎಂಬತ್ತು ಎಂದುಕೊಂಡರೆ ಮೋಸ ಹೋದಂತೆ. ಅದು ಹದಿನಾರರ ಮಗ್ಗಿಯ ಲೆಕ್ಕ, 255ರಲ್ಲಿ 128, ಅಂದರೆ ಸರಿಸುಮಾರು ಅರ್ಧ. ಎರಡನೆಯದು, ಹಿಸ್ಸೆ ಮಾಡುವುದು: ತೆಳು ಹಿನ್ನೆಲೆಗೆ ಒಂದು ವ್ಯೂ, ಬಟನ್‌ಗಳಿಗೆ ಅದರ ಮೇಲೆ ಬೇರೊಂದು ವ್ಯೂ. ಆಗ ಎರಡೂ ಅಣ್ಣತಮ್ಮಂದಿರು. ಅಣ್ಣನ ನೀರು ತಮ್ಮನ ಲೋಟಕ್ಕೆ ಬೀಳುವುದಿಲ್ಲ.

ಪೂರ್ತಿ ಮರೆಯಾಗಿಸಬೇಕಾದಾಗ ಇನ್ನೊಂದು ಎಚ್ಚರಿಕೆ ಬೇಕು. ಐಫೋನ್‌ನಲ್ಲಿ ಆಲ್ಫಾ 0.01ಕ್ಕಿಂತ ಕೆಳಗಿಳಿದ ವ್ಯೂ ಬೆರಳಿಗೂ ಸಿಗದು. ಆಂಡ್ರಾಯ್ಡ್‌ನಲ್ಲಿ ಹಾಗಲ್ಲ, ಆಲ್ಫಾ 0 ಆದ ಬಟನ್ ಕಣ್ಣಿಗೆ ಕಾಣದಿದ್ದರೂ ಕೂತಲ್ಲೇ ಕೂತು ಕೆಲಸ ಮಾಡುತ್ತಿರುತ್ತದೆ. ಖಾಲಿ ಜಾಗವೆಂದು ಬೆರಳೂರಿದವರ ಖಾತೆ ಅಳಿಸಿಹೋದೀತು. ಅದಕ್ಕೇ ಅಲ್ಲಿ ‘ಇನ್‌ವಿಸಿಬಲ್’, ‘ಗಾನ್’ ಎಂಬ ಎರಡು ಆಜ್ಞೆಗಳಿವೆ. ಎರಡರಲ್ಲೂ ಬಟನ್ ಬೆರಳಿಗೆ ಸಿಗದು. ವ್ಯತ್ಯಾಸವಿರುವುದು ಜಾಗದ ವಿಷಯದಲ್ಲಿ. ಇನ್‌ವಿಸಿಬಲ್ ಎಂದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದಂತೆ. ಗಾನ್ ಎಂದರೆ ಟವೆಲ್ ಸಮೇತ ಹೋದಂತೆ. ಪಕ್ಕದವರು ಸರಿದು ಕೂರಬಹುದು.