64 ಜಿಬಿ ಬಸ್ಸಿನಲ್ಲಿ ಒಂದು ಟವೆಲ್

ನಮ್ಮ ಆಫೀಸಿನಲ್ಲಿ ಬ್ಯಾಕಪ್ ಎಂದರೆ ಹಸಿರು ಬಣ್ಣದ ಒಂದು ಮೇಲ್. ರಾತ್ರಿ ಎರಡಕ್ಕೆ ಬರುತ್ತದೆ, ಬೆಳಿಗ್ಗೆ ಹತ್ತಕ್ಕೆ ತೆರೆಯದೆಯೇ ಅಳಿಸುತ್ತೇವೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದು ಕೆಂಪಾಗಿರಲಿಲ್ಲ. ಹಾಗಾಗಿ ರಿಸ್ಟೋರ್ ಎಂಬುದೂ ಒಂದಿದೆ ಎನ್ನುವುದು ಯಾರಿಗೂ ನೆನಪಿರಲಿಲ್ಲ, ಪವರ್ ಪ್ರೊಸೆಸರಿನ ನಮ್ಮ ಲಿನಕ್ಸ್ ಸರ್ವರಿನ ಡಿಸ್ಕು ಶಿವನ ಪಾದ ಸೇರಿದ ರಾತ್ರಿಯವರೆಗೆ.

ಲಿನಕ್ಸನ್ನು ಬುಡಸಮೇತ ಎಬ್ಬಿಸುವ ಉಪಕರಣ ನಮ್ಮ ಬಳಿ ಇತ್ತು. 2006ರಲ್ಲಿ ಶುರುವಾದ ಅದರ ಹೆಸರು ರಿಲ್ಯಾಕ್ಸ್ ಅಂಡ್ ರಿಕವರ್. ಮೊದಲು ಆರಾಮಾಗಿರಿ, ಚೇತರಿಕೆ ಆಮೇಲೆ! ಮೊದಲರ್ಧವನ್ನು ನಾವು ನಾಲ್ಕು ವರ್ಷ ನಿಷ್ಠೆಯಿಂದ ಪಾಲಿಸಿದ್ದೆವು. ರೆಸ್ಕ್ಯೂ ಸಿಡಿ ಹಾಕಿದೆ. ಅದರ ಬೂಟ್‌ಲೋಡರ್ ಯಾಬೂಟ್ ಎದ್ದಿತು, ಕರ್ನಲ್ ಓದಿತು, ರಿಸ್ಟೋರಿನ ಸಾಮಾನೆಲ್ಲ ಇರುವ ಇನಿಟ್‌ಆರ್‌ಡಿ ಎಂಬ ಗಂಟಿಗೆ ಕೈ ಹಾಕಿತು, ನಿಂತುಬಿಟ್ಟಿತು. 02000000 ವಿಳಾಸದಲ್ಲಿ ಮೆಮೊರಿ ಕ್ಲೇಮ್ ಮಾಡಲಾಗಲಿಲ್ಲ ಎಂಬ ದೂರು. ಪಕ್ಕದಲ್ಲಿ ಸಾಲಾಗಿ ಎಂಟು ಎಫ್. ಎಂಟು ಸಬ್ಜೆಕ್ಟಿನಲ್ಲೂ ಫೇಲಾದವನ ಮಾರ್ಕ್ಸ್ ಕಾರ್ಡು.

ಯಂತ್ರಕ್ಕೆ ಇದ್ದದ್ದು 64 ಜಿಬಿ ಮೆಮೊರಿ.

ಮ್ಯಾನೇಜರಿಗೆ ಫೋನಿನಲ್ಲಿ ಸಂದೇಶವನ್ನು ಓದಿ ಹೇಳಿದೆ. ಅದರಲ್ಲಿ ಅವರಿಗೆ ಅರ್ಥವಾದ ಪದ ಒಂದೇ. "ಮೆಮೊರಿ ಸಾಲ್ತಿಲ್ಲ ಅಂತಿದೆಯಲ್ಲ ರೀ, ಹಾಕಿಸಿ." ಈ ಜಾತಿಯ ಸರ್ವರುಗಳಲ್ಲಿ ಮೆಮೊರಿ ಹಾಕಿಸುವುದು ಎಂಥ ಸೊಗಸು ಅಂತೀರಿ! ಎಷ್ಟೋ ಸಲ ಚಿಪ್ಪುಗಳು ಪೆಟ್ಟಿಗೆಯೊಳಗೆ ಮೊದಲೇ ಕೂತಿರುತ್ತವೆ. ದುಡ್ಡು ಕಟ್ಟಿದರೆ ಕೋಡ್ ಕೊಡುತ್ತಾರೆ, ಕೋಡ್ ಹಾಕಿದರೆ ಚಿಪ್ಪು ಕೆಲಸಕ್ಕೆ ಬರುತ್ತದೆ. ನಮ್ಮದೇ ಮನೆಯ ಕೋಣೆ, ಕೀಲಿಕೈಗೆ ಬೇರೆ ಬಾಡಿಗೆ. ಅರ್ಜಿ ಆಗಲೇ ಮೂರು ಜನರ ಸಹಿಗೆ ಹೊರಟಿತು.

ನಿಜಸಂಗತಿ ಇಷ್ಟೇ. ಯಂತ್ರ ಎಬ್ಬಿಸುವ ಓಪನ್ ಫರ್ಮ್‌ವೇರ್ ಎಂಬ ಯಜಮಾನರಿದ್ದಾರೆ. 1994ರ ಮಾನದಂಡ, ಮಾತಾಡುವುದು ಫೋರ್ತ್ ಭಾಷೆ. ಅವರು ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಸೆಟ್ಟಿಂಗಿಗೆ ರಿಯಲ್‌ಬೇಸ್ ಎಂದು ಹೆಸರು. ನಮ್ಮಲ್ಲಿ ಅದು ಸರಿಯಾಗಿ 32 ಎಂಬಿಯ ಗುರುತಿನಲ್ಲಿತ್ತು. ಯಾಬೂಟ್ ಇನಿಟ್‌ಆರ್‌ಡಿಗೆ ಜಾಗ ಕೇಳಿದ್ದೂ ಅದೇ 32ರಲ್ಲಿ; ದೂರಿನ 02000000 ಎಂದರೆ ಹೆಕ್ಸ್ ಲೆಕ್ಕದಲ್ಲಿ 32 ಎಂಬಿಯೇ. ಖಾಲಿ ಬಸ್ಸು, ಸಾವಿರಾರು ಸೀಟು; ಆದರೆ ಇವನಿಗೆ ಬೇಕಾದ ಕಿಟಕಿ ಪಕ್ಕದ ಸೀಟಿನ ಮೇಲೆ ಯಾರದೋ ಟವೆಲ್. ಪಕ್ಕಕ್ಕೆ ಸರಿದು ಕೂರೋಣ ಎಂಬ ಬುದ್ಧಿ ಇಬ್ಬರಿಗೂ ಇಲ್ಲ. ಇಂಥ ಬಸ್ಸಿಗೆ ಹಿಂದೆ ಇನ್ನಷ್ಟು ಸೀಟು ಜೋಡಿಸಿ ಎಂದು ನಮ್ಮ ಅರ್ಜಿ.

ನಮ್ಮ ಇನಿಟ್‌ಆರ್‌ಡಿಯೇನೂ ಸಾಧುಪ್ರಾಣಿಯಲ್ಲ; ಸಣ್ಣದಿದ್ದರೆ ಟವೆಲ್ಲಿನ ತನಕ ಬರುತ್ತಲೇ ಇರಲಿಲ್ಲ. ಹಿಂದಿದ್ದ ಪುಣ್ಯಾತ್ಮರು 'ಇರಲಿ, ಬೇಕಾಗಬಹುದು' ಎಂದು ಕಂಡ ಫೋಲ್ಡರನ್ನೆಲ್ಲ ನಕಲು ಪಟ್ಟಿಗೆ ಸೇರಿಸಿ, ಮಾನಿಟರಿಂಗ್ ಏಜೆಂಟನ್ನು ಅದರ ಲಾಗ್ ಸಮೇತ ತುಂಬಿದ್ದರು. ಧರ್ಮಸ್ಥಳಕ್ಕೆ ಒಂದು ರಾತ್ರಿಗೆ ಹೊರಟವರು ಒರಳುಕಲ್ಲನ್ನೂ ಕಟ್ಟಿಕೊಂಡ ಹಾಗೆ. ಇದರ ತೂಕ ಇಳಿಸಲು ದಾರಿಗಳಿವೆ: ಬೇಡದ ಮಾಡ್ಯೂಲ್ ಬಿಡಬಹುದು, ಒತ್ತುವ ಕೆಲಸವನ್ನು ಜಿಜಿಪ್ ಬದಲು ಎಲ್‌ಜಡ್‌ಎಂಎಗೆ ಕೊಡಬಹುದು. ಒಂದೇ ಷರತ್ತು, ಸಿಡಿ ಮಾಡುವಾಗ ಯಂತ್ರ ಬದುಕಿರಬೇಕು. ಸತ್ತ ಮೇಲೆ ತೂಕ ಇಳಿಸುವ ವ್ಯಾಯಾಮ ಯಾವ ಡಾಕ್ಟರೂ ಹೇಳಿಕೊಡುವುದಿಲ್ಲ.

ಹಾಗಾಗಿ ಆ ರಾತ್ರಿ ಉಳಿದದ್ದು ಟವೆಲ್ ಎತ್ತುವ ದಾರಿಯೊಂದೇ. ಯಂತ್ರ ಏಳುವಾಗ 8 ಒತ್ತಿದರೆ ಫರ್ಮ್‌ವೇರಿನ ಪ್ರಾಂಪ್ಟು ಸಿಗುತ್ತದೆ. ಪ್ರಿಂಟ್‌ಎನ್ವ್ ಎಂದು ಕೇಳಿದರೆ ಎಲ್ಲಿ ಕೂತಿದ್ದೇನೆಂದು ಯಜಮಾನರೇ ಹೇಳುತ್ತಾರೆ. ಸೆಟ್‌ಎನ್ವ್ ಎಂದು ರಿಯಲ್‌ಬೇಸಿಗೆ ಸಿ ಅಕ್ಷರ, ಮುಂದೆ ಐದು ಸೊನ್ನೆ ಕೊಟ್ಟರೆ 12 ಎಂಬಿಯ ಗುರುತಿಗೆ ಸರಿದು ಕೂರುತ್ತಾರೆ. ನನ್ನ ಪ್ರತಿಭೆ ಏನೂ ಇಲ್ಲ ಇದರಲ್ಲಿ. ರೆಡ್ ಹ್ಯಾಟ್‌ನವರು ಇದೇ ದೂರಿಗೆ ಇದೇ ಸಂಖ್ಯೆಯನ್ನು ತಮ್ಮ ಟಿಪ್ಪಣಿಗಳಲ್ಲಿ ಎಂದೋ ಅಚ್ಚು ಹಾಕಿಸಿದ್ದಾರೆ. ಓದುವವರಿಗೆ ಹಸಿರು ಮೇಲ್ ಅಳಿಸುವುದರಿಂದ ಪುರುಸೊತ್ತು ಬೇಕಲ್ಲ. ಯಂತ್ರವನ್ನು ಮತ್ತೆ ಎಬ್ಬಿಸಿದೆ. ಇನಿಟ್‌ಆರ್‌ಡಿ ಒರಳುಕಲ್ಲಿನ ಸಮೇತ ಬಂದು ಕೂತಿತು. ಬೆಳಗಿನ ಕಾಫಿಗೆ ಮುಂಚೆ ರಿಸ್ಟೋರ್ ಮುಗಿಯಿತು.

ಹನ್ನೊಂದಕ್ಕೆ ಮೂರನೆಯ ಸಹಿಯೂ ಬಿದ್ದು 32 ಜಿಬಿಗೆ ಮಂಜೂರಾತಿ ಬಂತು. ಬಂದದ್ದನ್ನು ವಾಪಸ್ ಕಳಿಸುವ ಫಾರಂ ನಮ್ಮಲ್ಲಿಲ್ಲ. ವರದಿಯಲ್ಲಿ ಮೂಲಕಾರಣ 'ಮೆಮೊರಿ ಕೊರತೆ' ಎಂದೂ ಪರಿಹಾರ 'ಹೆಚ್ಚುವರಿ ಮೆಮೊರಿ' ಎಂದೂ ದಾಖಲಾಯಿತು. ಮ್ಯಾನೇಜರಿಗೆ ಚಪ್ಪಾಳೆ ಸಿಕ್ಕಿತು, ನಾನೂ ತಟ್ಟಿದೆ.

ಆ ಯಂತ್ರದ ಜೋಡಿ ಸರ್ವರಿನಲ್ಲಿ ಟವೆಲ್ ಇನ್ನೂ ಅದೇ ಸೀಟಿನ ಮೇಲಿದೆ. ಎತ್ತಲು ಅನುಮತಿ ಕೇಳಿ ಫಾರಂ ತುಂಬಿದೆ. 'ಎಷ್ಟು ಮೆಮೊರಿ ಬೇಕು' ಎಂಬ ಕಡ್ಡಾಯ ಅಂಕಣದಲ್ಲಿ ಸೊನ್ನೆ ಬರೆದೆ. ಸೊನ್ನೆಯನ್ನು ಸ್ವೀಕರಿಸಲಾಗದು ಎಂದು ಫಾರಂ ವಾಪಸ್ ಬಂತು.