ಕ್ಲೀನ್ ಮನೆ

(ಬೆಂಗಳೂರಿನ ಒಂದು ಬಡಾವಣೆ. ಟಾರ್ಚು ಹಿಡಿದ ಆಶಾ ಕಾರ್ಯಕರ್ತೆ. ಗೇಟಿಗೆ ಅಡ್ಡನಿಂತ ನಿವೃತ್ತ ರಾಯರು.)

ರಾಯರು: ಸೊಳ್ಳೆ ಬೇಕಾದ್ರೆ ಆ ಮೋರಿ ನೋಡಮ್ಮ. ನಮ್ಮದು ಕ್ಲೀನ್ ಮನೆ.

ಆಶಾ: ಡೆಂಗಿ ಸೊಳ್ಳೆಗೂ ಕ್ಲೀನ್ ನೀರೇ ಇಷ್ಟ ಸಾರ್. ಫ್ರಿಜ್ ಹಿಂದಿನ ಟ್ರೇ ಯಾವಾಗ ತೊಳೆದಿದ್ರಿ?

ರಾಯರು: ಫ್ರಿಜ್ ಹಿಂದೆ ಟ್ರೇ ಇದೆಯಾ?

(ಇದೆ. ಬಾಡಿಗೆ ಕೊಡದ ಸಂಸಾರವೂ ಇದೆ. ಟಾರ್ಚಿನ ಬೆಳಕು ಬಿದ್ದದ್ದೇ ತಡ, ದಾರದ ತುಂಡಿನಂಥ ಹುಳುಗಳು ಬಳುಕುತ್ತ ತಳಕ್ಕಿಳಿದವು.)

ರಾಯರು: ಮೀನಿನ ಮರಿ ಇರಬಹುದು...

ಆಶಾ: ಲಾರ್ವಾ ಸಾರ್. ಇನ್ನೊಂದು ವಾರ ಬಿಟ್ರೆ ರೆಕ್ಕೆ ಬರುತ್ತೆ.

ರಾಯರು: ಸಂಜೆ ಆಗ್ತಿದ್ದ ಹಾಗೇ ಕಿಟಕಿ ಹಾಕ್ತೀವಲ್ಲ!

ಆಶಾ: ಇದು ಡೇ ಡ್ಯೂಟಿ ಸೊಳ್ಳೆ. ಅದೂ ಒಳಗೇ ಹುಟ್ಟಿದ್ದು. ಕಿಟಕಿ ಹಾಕಿದ್ರೆ ಅದಕ್ಕೇ ಸೆಕ್ಯೂರಿಟಿ.

(ಮನಿಪ್ಲಾಂಟ್ ಬಾಟಲಿ, ಕುಂಡದ ತಟ್ಟೆ, ನೀರಿನ ಡ್ರಮ್ಮು, ತಾರಸಿಯ ಟೈರು. ಎಲ್ಲ ಕಡೆ ಹೌಸ್‌ಫುಲ್.)

ರಾಯರು: ಟೈರು ಬಿಸಾಡೋದಾ? ಮಾರಿದ ಸ್ಕೂಟರಿಂದ ಉಳಿದಿರೋ ಆಸ್ತಿ ಅದೊಂದೇ! ಡ್ರಮ್ಮಿನ ನೀರು ಚೆಲ್ತೀನಿ, ಸಾಕಲ್ಲ?

ಆಶಾ: ಒಳಗೋಡೆ ತಿಕ್ಕಬೇಕು. ಅಂಟಿರೋ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ.

ರಾಯರು: ಅದಕ್ಕೇ ಫಾಗಿಂಗ್ ಮಾಡ್ಸಿ ಅಂತ ಅರ್ಜಿ ಬರೆದಿದೀನಿ.

ಆಶಾ: ಹೊಗೆ ನೀರೊಳಗಿನ ಹುಳಕ್ಕೆ ತಟ್ಟಲ್ಲ ಸಾರ್. 2024ರ ನಿಯಮದ ಪ್ರಕಾರ ಹುಳ ಸಿಕ್ಕಿದ ನಗರದ ಮನೆಗೆ 400 ರೂಪಾಯಿ ದಂಡ ಇದೆ.

ರಾಯರು: ನಾನೂರಾ! ಲೇ ಇವಳೇ, ಬ್ರಷ್ ತಾರೇ! (ದನಿ ತಗ್ಗಿಸಿ) ಅಮ್ಮಾ, ಪಕ್ಕದ ಮನೆಯವರ ಸಂಪಿನ ಮುಚ್ಚಳ ಮುರಿದು ವರ್ಷ ಆಯ್ತು. ಅವರಿಗೆ ಎಂಟುನೂರು ಹಾಕಕ್ಕೆ ಬರಲ್ವಾ?